ಟಾರ್ನೀಟ್‌ನಲ್ಲಿ ಏಳನೇ ತರಗತಿಗೆ ಯಾವ ಶಾಲೆ? ಲೂಥರನ್ ಶಾಲೆಯನ್ನು ಉಳಿದವುಗಳ ಪಕ್ಕ ಇಟ್ಟು ನೋಡಿದಾಗ

ಈ ಸಲ ಯುಗಾದಿ ಕಾರ್ಯಕ್ರಮದಲ್ಲಿ ಊಟದ ಸಾಲಿನಲ್ಲಿ ನಿಂತಿದ್ದೆ. ತಟ್ಟೆಗೆ ಒಬ್ಬಟ್ಟು ಬೀಳುವ ಮೊದಲೇ ಮೂರು ಜನ ಅಮ್ಮಂದಿರು ಒಂದೇ ಪ್ರಶ್ನೆ ಕೇಳಿದರು. "ಮಗು ಈಗ ಐದನೇ ಕ್ಲಾಸು. ಏಳಕ್ಕೆ ಎಲ್ಲಿ ಹಾಕೋದು? ನಿಮ್ಮ ಮಗಳು ಲೂಥರನ್ ಶಾಲೆಯಲ್ಲೇ ಓದಿದ್ದಲ್ವಾ, ಹೇಗಿತ್ತು?" ಪಲ್ಯ ಬಡಿಸಿಕೊಳ್ಳುತ್ತಾ ಕೊಡುವಂಥ ಉತ್ತರ ಅಲ್ಲ ಅದು. ಹಾಗಾಗಿ ಕೂತು ಬರೆಯುತ್ತಿದ್ದೇನೆ.

ನಾವಿರುವುದು ಮೆಲ್ಬರ್ನ್‌ನ ಪಶ್ಚಿಮಕ್ಕೆ, ಟಾರ್ನೀಟ್‌ನಲ್ಲಿ. ಇಲ್ಲಿ ಸುತ್ತಮುತ್ತ ಐದು ದಾರಿಗಳಿವೆ. ಒಂದು, ಮನೆಯ ವಿಳಾಸಕ್ಕೆ ಗೊತ್ತು ಮಾಡಿರುವ ಸರ್ಕಾರಿ ಹೈಸ್ಕೂಲು. ಎರಡು, ಪರೀಕ್ಷೆ ಬರೆದು ಸೇರಬೇಕಾದ ಸೆಲೆಕ್ಟಿವ್ ಸರ್ಕಾರಿ ಶಾಲೆ. ನಮಗೆ ಹತ್ತಿರದ್ದು ವೆರಿಬೀಯ ಸುಝೇನ್ ಕೋರಿ. ಮೂರು, ಕ್ಯಾಥೊಲಿಕ್ ಶಾಲೆ. ಟಾರ್ನೀಟ್‌ನಲ್ಲೇ ಥಾಮಸ್ ಕಾರ್ ಕಾಲೇಜ್ ಇದೆ. ನಾಲ್ಕು, ಮಾರ್ಟಿನ್ ಲೂಥರನ ಪ್ರಾಟೆಸ್ಟಂಟ್ ಪಂಥದವರು ನಡೆಸುವ ಲೂಥರನ್ ಶಾಲೆ, ಅಂದರೆ ನಮ್ಮ ಕಡೆ ಗುಡ್ ನ್ಯೂಸ್ ಲೂಥರನ್ ಕಾಲೇಜ್. ಐದು, ಟ್ರುಗನೀನಾದ ವೆಸ್ಟ್‌ಬೋರ್ನ್‌ನಂಥ ಗ್ರಾಮರ್ ಶಾಲೆ, ಅಂದರೆ ದುಬಾರಿ ಖಾಸಗಿ ಶಾಲೆ. ಇಲ್ಲಿ ಏಳರಿಂದ ಶುರುವಾಗುವ ಹೈಸ್ಕೂಲಿಗೂ 'ಕಾಲೇಜ್' ಅಂತಾರೆ. ಮೊಮ್ಮಗಳು ಹನ್ನೆರಡು ವರ್ಷಕ್ಕೇ ಕಾಲೇಜು ಸೇರಿದಳು ಅಂತ ನಮ್ಮತ್ತೆ ಹಾಸನದಲ್ಲಿ ನಾಲ್ಕು ಮನೆಗೆ ಹೇಳಿ ಬಂದಿದ್ದರು.

ಮಗಳು ಓದಿದ್ದು ಯಾವ ಲೂಥರನ್ ಶಾಲೆ ಅಂತ ಹೇಳುವುದಿಲ್ಲ. ಒಳ್ಳೆಯದೂ ಕೆಟ್ಟದ್ದೂ ಎರಡೂ ಬರೆಯುವುದಿದೆ.

ಮೊದಲು ಅಳತೆಗೋಲು

ಹೆಚ್ಚಿನವರು ರ‍್ಯಾಂಕ್ ಪಟ್ಟಿಯಿಂದ ಶುರು ಮಾಡುತ್ತಾರೆ. ನಾವೂ ಹಾಗೇ ಮಾಡಿದ್ದೆವು. ಆ ಪಟ್ಟಿಯಲ್ಲಿ ಇರುವುದು ಶಾಲೆಯ ಮೀಡಿಯನ್ (ನಟ್ಟನಡುವಿನ) ಸ್ಟಡಿ ಸ್ಕೋರ್, ಮತ್ತೆ 40 ಅಥವಾ ಅದಕ್ಕಿಂತ ಮೇಲೆ ಬಂದ ಅಂಕಗಳು ನೂರಕ್ಕೆ ಎಷ್ಟು ಅನ್ನುವುದು. ಸ್ಟಡಿ ಸ್ಕೋರ್ ಅಂದರೆ ವಿಸಿಇಯಲ್ಲಿ (ಹನ್ನೊಂದು, ಹನ್ನೆರಡನೇ ತರಗತಿಯ ಕೋರ್ಸು) ಒಂದು ವಿಷಯಕ್ಕೆ ಸಿಗುವ ಅಂಕ, 50ಕ್ಕೆ. ಇಡೀ ರಾಜ್ಯದ ಸರಾಸರಿ 30. ಪರೀಕ್ಷೆ ಬರೆಸಿ ಮಕ್ಕಳನ್ನು ಆರಿಸಿಕೊಂಡ ಶಾಲೆ ಪಟ್ಟಿಯ ಮೇಲಿರುವುದರಲ್ಲಿ ಆಶ್ಚರ್ಯ ಏನಿದೆ? ಬಂದ ಮಗುವನ್ನು ಶಾಲೆ ಎಷ್ಟು ಮುಂದಕ್ಕೆ ತಂದಿತು ಅನ್ನುವುದು ಅದರಲ್ಲಿ ಕಾಣುವುದಿಲ್ಲ. ಪಟ್ಟಿ ನೋಡಿ, ಆದರೆ ಅಲ್ಲೇ ನಿಲ್ಲಬೇಡಿ.

ಎರಡು ಮಕ್ಕಳ ಶಾಲೆ ಹುಡುಕಿ ಹುಡುಕಿ ನನ್ನ ಹತ್ತಿರ ಉಳಿದಿರುವ ಪ್ರಶ್ನೆಗಳು ಇಷ್ಟು. ಆರು ವರ್ಷ ಪೂರ್ತಿ ಫೀಸು ಕಟ್ಟುವ ತಾಕತ್ತು ಇದೆಯಾ? ಹನ್ನೊಂದು, ಹನ್ನೆರಡರಲ್ಲಿ ಮಗುವಿಗೆ ಬೇಕಾದ ವಿಷಯ ಅಲ್ಲಿ ನಿಜವಾಗಿ ನಡೆಯುತ್ತದಾ? ಶಾಲೆ ಬಿಟ್ಟ ಮೇಲಿನ ಸಂಜೆ ಹೇಗೆ ಕಳೆಯುತ್ತದೆ? ದೇವರ ವಿಷಯದಲ್ಲಿ ಮನೆಯವರಿಗೆ ಎಷ್ಟು ಸಮಾಧಾನ? ಕೊನೆಯದೇ ನನಗೆ ಮುಖ್ಯ: ಮಗು ಎಂಥದ್ದು? ಗುಂಪಿನಲ್ಲಿ ನುಗ್ಗುವಂಥದ್ದಾ, ಯಾರಾದರೂ ಕೈ ಹಿಡಿದು ಮುಂದೆ ತರಬೇಕಾದದ್ದಾ?

ದುಡ್ಡಿನ ಲೆಕ್ಕ

ಕಡಿಮೆಯಿಂದ ಜಾಸ್ತಿಗೆ ಸಾಲು ಹೀಗೆ: ಸರ್ಕಾರಿ, ಸೆಲೆಕ್ಟಿವ್ (ಅದೂ ಸರ್ಕಾರಿಯೇ), ಸಾಮಾನ್ಯವಾಗಿ ಕ್ಯಾಥೊಲಿಕ್, ಅದರ ಮೇಲೆ ಲೂಥರನ್, ಎಲ್ಲಕ್ಕಿಂತ ಮೇಲೆ ಗ್ರಾಮರ್. ಲೂಥರನ್‌ಗೂ ಗ್ರಾಮರ್‌ಗೂ ನಡುವಿನ ಅಂತರ ದೊಡ್ಡದು.

ಖಾಸಗಿ ಶಾಲೆ ಅಂದರೂ ಇಲ್ಲಿ ಸರ್ಕಾರದ ದುಡ್ಡು ಬರುತ್ತದೆ. ಎಷ್ಟು ಅನ್ನುವುದು ಅಲ್ಲಿನ ಪೋಷಕರ ಆದಾಯದ ಲೆಕ್ಕದ ಮೇಲೆ. ಹೊಸ ಬಡಾವಣೆಗಳ ಮಧ್ಯಮ ವರ್ಗದ ಶಾಲೆಗಳ ಫೀಸು ಕೈಗೆಟುಕುವಂತೆ ಇರುವುದಕ್ಕೆ ಇದೂ ಒಂದು ಕಾರಣ.

ತಪ್ಪುವುದು ಎಲ್ಲಿ ಅಂದರೆ, ಏಳನೇ ತರಗತಿಯ ಫೀಸು ನೋಡಿ 'ಆಗುತ್ತೆ' ಅಂದುಬಿಡುತ್ತೇವೆ. ಸುಮ್ನೆ ಲೆಕ್ಕಕ್ಕೆ ವರ್ಷಕ್ಕೆ 10,000 ಡಾಲರ್ ಅಂತ ಇಟ್ಟುಕೊಳ್ಳಿ. ಪ್ರತಿ ವರ್ಷ ನೂರಕ್ಕೆ 5 ಏರಿದರೆ ಆರು ವರ್ಷಕ್ಕೆ ಸುಮಾರು 68,000 ಆಗುತ್ತದೆ. ಇದು ಒಂದು ಮಗುವಿಗೆ. ಎರಡನೆಯ ಮಗುವಿಗೆ ರಿಯಾಯಿತಿ ಸಿಗಬಹುದು, ಆದರೆ ರಿಯಾಯಿತಿ ಅಂದರೆ ಬಿಟ್ಟಿ ಅಲ್ಲ. ಲ್ಯಾಪ್‌ಟಾಪ್, ಕ್ಯಾಂಪ್, ಬ್ಲೇಜರ್, ಬಸ್ಸು ಬೇರೆ. ಊರಿನ ಹಾಗೆ ಶಾಲೆಯ ಫೀಸಿಗೆ ತೆರಿಗೆ ವಿನಾಯಿತಿಯೂ ಇಲ್ಲ. ತೆರಿಗೆ ಕಳೆದು ಕೈಗೆ ಬಂದ ದುಡ್ಡಿನಲ್ಲೇ ಕಟ್ಟಬೇಕು. ಮನೆ ಸಾಲದ ಬಡ್ಡಿ ಏರಿದ ವರ್ಷಗಳಲ್ಲಿ ಹತ್ತನೇ ತರಗತಿಯ ಮಗುವನ್ನು ಬಿಡಿಸಿ ಸರ್ಕಾರಿ ಶಾಲೆಗೆ ಹಾಕಿದವರು ನಮ್ಮ ಬೀದಿಯಲ್ಲೇ ಇದ್ದಾರೆ. ಆ ವಯಸ್ಸಿನಲ್ಲಿ ಸ್ನೇಹಿತರನ್ನು ಬಿಟ್ಟು ಹೋಗುವುದು ಮಕ್ಕಳಿಗೆ ತುಂಬಾ ಕಷ್ಟ. ಮಧ್ಯದಲ್ಲಿ ಬಿಡಿಸುವ ಸಾಧ್ಯತೆ ಇದ್ದರೆ ಮೊದಲಿಂದಲೇ ಸರ್ಕಾರಿ ಶಾಲೆ ವಾಸಿ.

ಇನ್ನೊಂದು ಗುಂಡಿ, ನೋಟಿಸ್. ಖಾಸಗಿ ಶಾಲೆ ಬಿಡಬೇಕಾದರೆ ಸಾಮಾನ್ಯವಾಗಿ ಒಂದು ಟರ್ಮ್ ಮೊದಲೇ ಬರೆದು ತಿಳಿಸಬೇಕು. ಇಲ್ಲದಿದ್ದರೆ ಆ ಟರ್ಮಿನ ಫೀಸು ಕಟ್ಟಬೇಕು. ಮಗಳು ಪ್ರೈಮರಿಯಲ್ಲಿದ್ದಾಗ ಒಂದು ಶಾಲೆ ಬಿಡಿಸುವಾಗ ನಾವು ಇದನ್ನು ಮರೆತಿದ್ದೆವು. ಮಗು ಕಾಲಿಡದ ಹತ್ತು ವಾರಕ್ಕೆ ಪೂರ್ತಿ ಕಟ್ಟಿದೆವು. ಸಹಿ ಹಾಕಿದ ಕಾಗದದಲ್ಲೇ ಇತ್ತು, ತಪ್ಪು ನಮ್ಮದೇ. ಆದರೂ ಒಂದು ಫೋನ್ ಮಾಡಿ ನೆನಪಿಸಬಹುದಿತ್ತು ಅಂತ ಈಗಲೂ ಅನಿಸುತ್ತದೆ.

ವಲಯದ ಸರ್ಕಾರಿ ಶಾಲೆ

ಇದನ್ನು ಕೀಳಾಗಿ ನೋಡುವುದು ನಮ್ಮವರ ದೊಡ್ಡ ತಪ್ಪು. ನಮ್ಮ ವಿಕ್ಟೋರಿಯಾ ರಾಜ್ಯದಲ್ಲಿ ವಲಯದೊಳಗಿನ ಮಗುವಿಗೆ ಸೀಟು ಹಕ್ಕು. ಫೈಂಡ್ ಮೈ ಸ್ಕೂಲ್ ತಾಣದಲ್ಲಿ ವಿಳಾಸ ಹಾಕಿದರೆ ನಿಮ್ಮ ಶಾಲೆ ಯಾವುದು ಅಂತ ಬರುತ್ತದೆ. ನಡೆದೇ ಹೋಗುವ ದೂರ. ಹನ್ನೆರಡನೇ ತರಗತಿಯಲ್ಲಿ ಮಕ್ಕಳ ಸಂಖ್ಯೆ ದೊಡ್ಡದಿದ್ದರೆ ವಿಷಯಗಳ ಆಯ್ಕೆಯೂ ದೊಡ್ಡದು. ಕಸುಬಿನ ಕಡೆ ಒಲವಿರುವ ಮಕ್ಕಳಿಗೆ 2023ರಲ್ಲಿ ಬಂದ ವಿಸಿಇ ವೊಕೇಷನಲ್ ಮೇಜರ್ ಕೂಡ ಇದೆ.

ತೊಂದರೆ ಏನೆಂದರೆ, ಟಾರ್ನೀಟ್ ಸೇರಿರುವ ಪಾಲಿಕೆ ವಿಂಡ್‌ಹ್ಯಾಮ್‌ನ ಜನಸಂಖ್ಯೆ ಬೆಳೆದ ವೇಗಕ್ಕೆ ಶಾಲೆಗಳು ತುಂಬಿಹೋಗಿವೆ. ಹೊಸ ಶಾಲೆಗೆ ಇನ್ನೂ ಹನ್ನೆರಡನೇ ತರಗತಿಯ ಫಲಿತಾಂಶವೇ ಇರುವುದಿಲ್ಲ. ಗದ್ದಲದಲ್ಲಿ ಮೆತ್ತಗಿನ ಮಗು ಯಾರ ಕಣ್ಣಿಗೂ ಬೀಳದೆ ಮೂರು ವರ್ಷ ಕಳೆದುಬಿಡಬಹುದು. ಸ್ವಂತ ಬುದ್ಧಿಯಿಂದ ಎದ್ದು ಓದುವ, ಟೀಚರನ್ನು ಹಿಡಿದು ಕೇಳುವ ಮಗುವಿಗೆ ಮಾತ್ರ ಇಲ್ಲಿ ಏನೂ ಕಡಿಮೆ ಆಗುವುದಿಲ್ಲ. ಉಳಿದ ದುಡ್ಡಿನಲ್ಲಿ ಟ್ಯೂಷನ್ನೂ ಆಗುತ್ತದೆ, ವರ್ಷಕ್ಕೊಮ್ಮೆ ಊರಿಗೂ ಹೋಗಿ ಬರಬಹುದು.

ಸೆಲೆಕ್ಟಿವ್: ಒಂಬತ್ತರಿಂದ ಮಾತ್ರ

ಮೆಲ್ಬರ್ನ್‌ನಲ್ಲಿ ಇಂಥವು ನಾಲ್ಕು. ಹುಡುಗರಿಗೆ ಮೆಲ್ಬರ್ನ್ ಹೈ, ಹುಡುಗಿಯರಿಗೆ ಮ್ಯಾಕ್‌ರಾಬ್, ಇಬ್ಬರಿಗೂ 2010ರಲ್ಲಿ ಬೆರಿಕ್‌ನಲ್ಲಿ ಶುರುವಾದ ನೊಸ್ಸಲ್, ಮತ್ತೆ 2011ರ ಸುಝೇನ್ ಕೋರಿ. ಎಂಟನೇ ತರಗತಿಯಲ್ಲಿ ಜೂನ್ ಹೊತ್ತಿಗೆ ಪರೀಕ್ಷೆ, ಒಂಬತ್ತಕ್ಕೆ ಸೇರ್ಪಡೆ. ಅಂದರೆ ಏಳು ಮತ್ತು ಎಂಟಕ್ಕೆ ಬೇರೆ ಶಾಲೆ ಬೇಕೇ ಬೇಕು. ಊಟದ ಸಾಲಿನಲ್ಲಿ ಸಿಕ್ಕ ಒಬ್ಬರಿಗೆ ಇದು ಗೊತ್ತೇ ಇರಲಿಲ್ಲ.

ಇಲ್ಲೊಂದು ಸೂಕ್ಷ್ಮ ಇದೆ. ಒಂದೇ ಶಾಲೆಯ ಎಂಟನೇ ತರಗತಿಯಿಂದ ನೂರಕ್ಕೆ 5ಕ್ಕಿಂತ ಜಾಸ್ತಿ ಮಕ್ಕಳನ್ನು ತೆಗೆದುಕೊಳ್ಳುವುದಿಲ್ಲ ಅನ್ನುವ ಮಿತಿ ಇದೆ. ನಿಮ್ಮ ಶಾಲೆಯ ಎಂಟರಲ್ಲಿ 100 ಮಕ್ಕಳಿದ್ದರೆ ಐದು ಜನ. ಕೋಚಿಂಗ್ ಮಾಡಿಸುವ ಅಪ್ಪ ಅಮ್ಮಂದಿರೇ ತುಂಬಿರುವ ಶಾಲೆಗೆ ಮಗುವನ್ನು ಹಾಕಿದರೆ ಪೈಪೋಟಿ ಮೊದಲು ಆ ತರಗತಿಯೊಳಗೇ ನಡೆಯುತ್ತದೆ.

ಸೀಟು ಸಿಕ್ಕರೆ ಓದು ಒಳ್ಳೆಯದು, ಖರ್ಚು ಕಡಿಮೆ. ಪುಸ್ತಕದ ಹುಳುಗಳ ಗೂಡು ಅನ್ನುವುದೂ ಸುಳ್ಳು. ಮೆಲ್ಬರ್ನ್ ಹೈನಲ್ಲಿ ಇಡೀ ಶಾಲೆ ಒಟ್ಟಿಗೆ ಹಾಡುವ ಪದ್ಧತಿಯೇ ಇದೆ. ಆದರೆ ಟಾರ್ನೀಟ್‌ನಿಂದ ಆ ಶಾಲೆ ಇರುವ ಸೌತ್ ಯಾರಾಗೆ ರೈಲು ಬದಲಿಸಿ ದಿನಾ ಹೋಗಿ ಬರುವುದು ಹದಿನಾಲ್ಕರ ಮಗುವಿಗೆ ಸಣ್ಣ ಕೆಲಸ ಅಲ್ಲ. 2015ರಲ್ಲಿ ನಮ್ಮ ಸ್ಟೇಷನ್ ಶುರುವಾದಾಗ ಸಿಗುತ್ತಿದ್ದ ಸೀಟು ಈಗ ಬೆಳಗಿನ ಹೊತ್ತು ಕನಸು. ಎಲ್ಲ ಕಡೆ ಮೊದಲಿಗರಾಗಿದ್ದ ಮಕ್ಕಳು ಅಲ್ಲಿ ಮಧ್ಯಕ್ಕೆ ಬಂದಾಗ ಕೆಲವರು ಹುರುಪುಗೊಳ್ಳುತ್ತಾರೆ, ಕೆಲವರು ಕುಗ್ಗಿಹೋಗುತ್ತಾರೆ. ನಿಮ್ಮ ಮಗು ಯಾವ ಥರ ಅಂತ ಕೋಚಿಂಗ್ ಸೆಂಟರ್‌ನವರು ಹೇಳುವುದಿಲ್ಲ.

ಲೂಥರನ್ ಶಾಲೆ: ಓದು

ಸ್ವಲ್ಪ ಹಿನ್ನೆಲೆ ಹೇಳುತ್ತೇನೆ, ಶಾಲೆಯ ಸ್ವಭಾವ ಅದರಿಂದಲೇ ಬಂದದ್ದು. 1838ರಲ್ಲಿ ಪ್ರಷ್ಯಾದ ದೊರೆ ಹೇರಿದ ಪೂಜಾಕ್ರಮ ಒಪ್ಪದ ಲೂಥರನ್ನರು ಪಾದ್ರಿ ಕಾವೆಲ್ ಜೊತೆ ಹಡಗು ಹತ್ತಿ ದಕ್ಷಿಣ ಆಸ್ಟ್ರೇಲಿಯಾಕ್ಕೆ ಬಂದರು. ಬಂದವರೇ ಹಳ್ಳಿ ಕಟ್ಟಿದರು, ಹಳ್ಳಿಯ ಜೊತೆ ಶಾಲೆಯನ್ನೂ ಕಟ್ಟಿದರು. ಮೊದಲ ಮಹಾಯುದ್ಧದಲ್ಲಿ ಜರ್ಮನರ ಮೇಲಿನ ಸಿಟ್ಟಿಗೆ 1917ರಲ್ಲಿ ಅಲ್ಲಿನ ಸರ್ಕಾರ 49 ಲೂಥರನ್ ಶಾಲೆಗಳನ್ನು ಮುಚ್ಚಿಸಿತು. ಈಗ ದೇಶದಲ್ಲಿ ಸುಮಾರು 80 ಇವೆ. ಮೆಲ್ಬರ್ನ್‌ನ ಪೂರ್ವಕ್ಕೆ ಕ್ರಾಯ್ಡನ್ ಹಿಲ್ಸ್‌ನ ಲೂಥರ್ ಕಾಲೇಜ್ 1964ರದ್ದು. ಇವತ್ತು ಈ ಎಷ್ಟೋ ಶಾಲೆಗಳಲ್ಲಿ ಲೂಥರನ್ ಮಕ್ಕಳೇ ಕಡಿಮೆ. ಹೊರಗಿನಿಂದ ಬಂದು ನೆಲೆ ನಿಂತವರು ಕಟ್ಟಿದ ಶಾಲೆಗೆ ಈಗ ಇನ್ನೊಂದು ಕಡೆಯಿಂದ ಬಂದವರ ಮಕ್ಕಳು ಹೋಗುತ್ತಿದ್ದಾರೆ.

ಪಾಠ ಬಹುತೇಕ ಎಲ್ಲ ಕಡೆ ಒಂದೇ. ಹತ್ತರವರೆಗೆ ರಾಜ್ಯದ ಪಠ್ಯಕ್ರಮ, ಆಮೇಲೆ ಎರಡು ವರ್ಷ ವಿಸಿಇ. ಹಾಗಾದರೆ ವ್ಯತ್ಯಾಸ ಎಲ್ಲಿ?

ಒಂದು, ಗಾತ್ರದಲ್ಲಿ. ಮಗಳ ಶಾಲೆಯಲ್ಲಿ ಏಳನೇ ತರಗತಿಯ ಮೂರನೇ ವಾರಕ್ಕೆ ಟೀಚರುಗಳಿಗೆಲ್ಲ ಅವಳ ಹೆಸರು ಗೊತ್ತಿತ್ತು, ಅದೂ ಸರಿಯಾದ ಉಚ್ಚಾರದಲ್ಲಿ. ಮ್ಯಾತ್ಸ್‌ನಲ್ಲಿ ಹಿಂದೆ ಬಿದ್ದಾಗ ನಾವು ಗಮನಿಸುವ ಮೊದಲೇ ಇಮೇಲ್ ಬಂತು. ಇಂಥದ್ದಕ್ಕೇ ನಾನು ಫೀಸು ಕಟ್ಟಿದ್ದು.

ಅದೇ ಗಾತ್ರ ಹನ್ನೊಂದಕ್ಕೆ ಬಂದಾಗ ತಿರುಗಿ ಕಚ್ಚಿತು. ಸ್ಪೆಷಲಿಸ್ಟ್ ಮ್ಯಾತ್ಸ್‌ಗೆ ಬೆರಳೆಣಿಕೆಯ ಮಕ್ಕಳು. ಫಿಸಿಕ್ಸ್ ಮತ್ತು ಮ್ಯೂಸಿಕ್ ಒಂದೇ ಪೀರಿಯಡ್ಡಿಗೆ ಬಿದ್ದವು, ಒಂದನ್ನು ಬಿಡಬೇಕಾಯಿತು. ಸಾಕಷ್ಟು ಮಕ್ಕಳಿಲ್ಲದ ವಿಷಯವನ್ನು ವರ್ಚುಯಲ್ ಸ್ಕೂಲ್ ವಿಕ್ಟೋರಿಯಾ ಮೂಲಕ ದೂರದಿಂದ ಓದುವ ದಾರಿ ಇದೆ. ಆದರೆ ಅದಕ್ಕೆ ತಾನೇ ಕೂತು ಓದುವ ಶಿಸ್ತು ಬೇಕು. ಮಗಳ ಗೆಳತಿ ಹಾಗೆ ಓದಿ ದಾಟಿದಳು. ನನ್ನ ಮಗಳ ಕೈಲಿ ಅದು ಆಗುತ್ತಿರಲಿಲ್ಲ.

ಇನ್ನೊಂದು ಮಾತು. ಇಲ್ಲಿ ಶಾಲೆಯೊಳಗಿನ ಪರೀಕ್ಷೆಗಳಿಗೆ ಸ್ಯಾಕ್ ಅಂತಾರೆ. ಆ ಅಂಕಗಳನ್ನು ಹಾಗೇ ತೆಗೆದುಕೊಳ್ಳುವುದಿಲ್ಲ. ಆ ತರಗತಿಯ ಮಕ್ಕಳೆಲ್ಲ ಕೊನೆಯ ಪಬ್ಲಿಕ್ ಪರೀಕ್ಷೆಯಲ್ಲಿ ಹೇಗೆ ಮಾಡಿದರು ಅನ್ನುವುದಕ್ಕೆ ಹೊಂದಿಸುತ್ತಾರೆ. ಜೊತೆಗಾರರು ಚೆನ್ನಾಗಿ ಬರೆದರೆ ನಿಮ್ಮ ಮಗುವಿನ ಸ್ಯಾಕ್ ಅಂಕವೂ ನಿಲ್ಲುತ್ತದೆ. ಸಣ್ಣ ತರಗತಿಯಲ್ಲಿ ಇಬ್ಬರು ಮೂವರು ಎಡವಿದರೂ ಅದರ ಬಿಸಿ ಉಳಿದವರಿಗೆ ತಟ್ಟಬಹುದು. ಒಂದೇ ಶಾಲೆಯ ಮಕ್ಕಳು ನೋಟ್ಸ್ ಬಚ್ಚಿಡದೆ ಹಂಚಿಕೊಳ್ಳುವುದೇ ಲಾಭ ಅನ್ನುವುದು ಇದರಿಂದಲೇ.

ಆಟಾರ್ (ವಿಶ್ವವಿದ್ಯಾಲಯ ಸೇರಲು ನೋಡುವ ರ‍್ಯಾಂಕು) 99.95 ಮುಟ್ಟಿ ಮೆಡಿಸಿನ್ ಮಾಡಬೇಕು ಅನ್ನುವ ಒಂದೇ ಹಠ ಮನೆಯಲ್ಲಿದ್ದರೆ, ಲೂಥರನ್ ಶಾಲೆಯಿಂದ ಆಗುವುದಿಲ್ಲ ಅಂತಲ್ಲ, ಅದಕ್ಕೆಂದೇ ಇಲ್ಲಿಗೆ ಬರಬೇಕಾಗಿಲ್ಲ.

ಲೂಥರನ್ ಶಾಲೆ: ಪಾಠದ ಆಚೆ

ನನ್ನ ಮಟ್ಟಿಗೆ ಈ ಶಾಲೆ ಗೆದ್ದದ್ದು ಇಲ್ಲಿ.

ಮಗಳು ನಾಚಿಕೆ ಸ್ವಭಾವದವಳು. ಮನೆಯಲ್ಲಿ ಕರ್ನಾಟಕ ಸಂಗೀತ ಕಲಿಯುತ್ತಿದ್ದಳು, ಆದರೆ ನೆಂಟರ ಮುಂದೆ ಒಂದು ದೇವರನಾಮ ಹಾಡು ಅಂದರೂ ರೂಮಿಗೆ ಓಡುವವಳು. ದೊಡ್ಡ ಶಾಲೆಯಲ್ಲಿ ಕಾಯಿರ್‌ಗೆ, ಅಂದರೆ ಹಾಡುವ ತಂಡಕ್ಕೆ, ಆಡಿಷನ್ ಇರುತ್ತದೆ, ಇವಳು ಅದರ ಹತ್ತಿರವೂ ಸುಳಿಯುತ್ತಿರಲಿಲ್ಲ. ಇಲ್ಲಿ ಕಾಯಿರ್‌ಗೆ ಜನವೇ ಕಡಿಮೆ. ಮ್ಯೂಸಿಕ್ ಟೀಚರ್ ಕಾರಿಡಾರಿನಲ್ಲಿ ಹಿಡಿದು "ಗುರುವಾರ ಬಾ" ಅಂದರು. ಒಂಬತ್ತನೇ ತರಗತಿಗೆ ಶಾಲೆಯ ಮ್ಯೂಸಿಕಲ್‌ನಲ್ಲಿ ನಾಲ್ಕು ಸಾಲು ಒಬ್ಬಳೇ ಹಾಡಿದಳು. ಹನ್ನೊಂದರಲ್ಲಿ ಹೌಸ್ ಕ್ಯಾಪ್ಟನ್. ಸಣ್ಣ ಶಾಲೆಯಲ್ಲಿ ಪಾತ್ರಗಳು ಎಷ್ಟೋ ಅಷ್ಟೇ ಇರುತ್ತವೆ, ಹಂಚಿಕೊಳ್ಳುವ ಮಕ್ಕಳು ಕಡಿಮೆ. ಸಾಧಾರಣ ಮಗುವಿಗೂ ಮೈಕು ಸಿಗುತ್ತದೆ.

ಸಂಗೀತ ಈ ಸಂಪ್ರದಾಯದ ಒಳಗೇ ಇರುವಂಥದ್ದು. ಲೂಥರ್ ತಾನೇ ಹಾಡು ಕಟ್ಟಿದವನು. ಬಾಖ್ ಲೈಪ್‌ಜಿಗ್‌ನ ಲೂಥರನ್ ಚರ್ಚಿನ ಸಂಗೀತಗಾರ. ಹಾಗಾಗಿ ಚಿಕ್ಕ ಶಾಲೆಯಲ್ಲೂ ಬ್ಯಾಂಡು, ಕಾಯಿರು, ವಾದ್ಯದ ಪಾಠ ಇರುತ್ತವೆ. ವಾದ್ಯದ ಪಾಠಕ್ಕೆ ಬೇರೆ ದುಡ್ಡು ಕೊಡಬೇಕಾಗಬಹುದು, ಮೊದಲೇ ಕೇಳಿ.

ಸೇವೆಯ ಕೆಲಸಕ್ಕೂ ಒತ್ತು ಜಾಸ್ತಿ. ವೃದ್ಧಾಶ್ರಮಕ್ಕೆ ಹೋಗಿ ಹಾಡುವುದು, ಆಹಾರದ ಡಬ್ಬಿ ಸಂಗ್ರಹಿಸುವುದು, ಚಿಕ್ಕ ಮಕ್ಕಳಿಗೆ ಓದಿ ಹೇಳುವುದು. ಪ್ರೆಪ್‌ನಿಂದ (ಒಂದನೇ ತರಗತಿಗೆ ಮೊದಲಿನ ವರ್ಷ) ಹನ್ನೆರಡರವರೆಗೆ ಒಂದೇ ಅಂಗಳದಲ್ಲಿ ಇರುವ ಕಡೆ ದೊಡ್ಡವರು ಚಿಕ್ಕವರನ್ನು ನೋಡಿಕೊಳ್ಳುವುದು ತಾನಾಗೇ ಬರುತ್ತದೆ.

ಆಟದ ವಿಷಯಕ್ಕೆ ಬಂದರೆ, ಈಜು, ಓಟ, ಕ್ರಾಸ್ ಕಂಟ್ರಿಗೆ ಹೌಸ್‌ಗಳ ನಡುವೆ ಸ್ಪರ್ಧೆ ಎಲ್ಲ ಶಾಲೆಯಲ್ಲೂ ಇದೆ. ಅದರಾಚೆ ದೊಡ್ಡ ಮೈದಾನ, ರೋಯಿಂಗು, ಹೆಸರಾಂತ ಕೋಚು ಬೇಕಾದರೆ ಗ್ರಾಮರ್ ಶಾಲೆಗೆ ಹೋಗಿ. ಒಂದು ಕಿವಿಮಾತು: ಕ್ರಿಕೆಟ್‌ಗಾಗಿ ಶಾಲೆ ಆರಿಸಬೇಡಿ. ಇಲ್ಲಿ ಕ್ರಿಕೆಟ್ ಬೆಳೆಯುವುದು ವಾರಾಂತ್ಯದ ಲೋಕಲ್ ಕ್ಲಬ್‌ನಲ್ಲಿ. ಡಿಬೇಟಿಂಗು, ಡ್ಯೂಕ್ ಆಫ್ ಎಡಿನ್‌ಬರಾ ಅವಾರ್ಡ್ ಮುಂತಾದವೂ ಯಾವುದೋ ಒಂದು ಥರದ ಶಾಲೆಯ ಸ್ವತ್ತಲ್ಲ.

ಪ್ರಾರ್ಥನೆ, ಚಾಪೆಲ್, ಮತ್ತೆ ನಮ್ಮ ಮನೆಯ ದೇವರು

ಎಲ್ಲರೂ ದನಿ ತಗ್ಗಿಸಿ ಕೇಳುವ ಪ್ರಶ್ನೆ ಇದು. ನೇರವಾಗಿ ಹೇಳುತ್ತೇನೆ. ಬೆಳಗ್ಗೆ ತರಗತಿಯಲ್ಲಿ ಚಿಕ್ಕ ಪ್ರಾರ್ಥನೆ, ವಾರಕ್ಕೊಮ್ಮೆ ಚಾಪೆಲ್ (ಎಲ್ಲರೂ ಸೇರುವ ಪ್ರಾರ್ಥನಾ ಸಭೆ), ಟೈಮ್‌ಟೇಬಲ್ಲಿನಲ್ಲಿ ಕ್ರಿಶ್ಚಿಯನ್ ಸ್ಟಡೀಸ್. ಸೇರಿಸಿ ಆದಮೇಲೆ ಇದು ಬೇಡ ಅನ್ನುವುದು ನ್ಯಾಯ ಅಲ್ಲ. ಮೈ ಉರಿಯುತ್ತದೆ ಅನ್ನುವುದಾದರೆ ಈ ಶಾಲೆ ಬೇಡ, ಅಷ್ಟೇ. ಮತಾಂತರದ ಒತ್ತಡ ನಮಗೆ ಆರು ವರ್ಷದಲ್ಲಿ ಒಂದು ಸಲವೂ ಕಾಣಲಿಲ್ಲ. ನಮ್ಮಪ್ಪ ಧಾರವಾಡದಲ್ಲಿ ಬಾಸೆಲ್ ಮಿಶನ್ ಹೈಸ್ಕೂಲಿಗೆ ಹೋದವರು. ಬೆಳಗ್ಗೆ ಅಲ್ಲಿ ಪ್ರಾರ್ಥನೆ, ಸಂಜೆ ಮನೆಯಲ್ಲಿ ಸಂಧ್ಯಾವಂದನೆ. ನನ್ನ ಆತಂಕ ಕೇಳಿ ಫೋನಿನಲ್ಲೇ ನಕ್ಕುಬಿಟ್ಟರು.

ನಿಜ ಹೇಳಬೇಕೆಂದರೆ ಆ ಪಾಠದಿಂದ ಮನೆಯಲ್ಲಿ ಮಾತು ಹೆಚ್ಚಾಯಿತು. ಒಳ್ಳೆಯ ಕೆಲಸ ಮಾಡಿ ದೇವರ ಕೃಪೆ ಸಂಪಾದಿಸಲು ಆಗುವುದಿಲ್ಲ, ಅದು ಸುಮ್ಮನೆ ಸಿಗುವಂಥದ್ದು ಅನ್ನುವುದು ಲೂಥರನ ಮುಖ್ಯ ಮಾತು. "ಹಾಗಾದ್ರೆ ಕರ್ಮ ಅಂತ ನೀನು ಹೇಳ್ತೀಯಲ್ಲಮ್ಮಾ?" ಅಂತ ಮಗಳು ಸಾರಿಗೆ ಒಗ್ಗರಣೆ ಹಾಕುವಾಗ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ, ಒಗ್ಗರಣೆ ಸೀದುಹೋಯಿತು. ಚಮ್ಮಾರನ ಕೆಲಸವೂ ಪಾದ್ರಿಯ ಕೆಲಸದಷ್ಟೇ ದೇವರ ಕೆಲಸ ಅನ್ನುವ ಲೂಥರನ ವಿಚಾರವನ್ನು ಬಸವಣ್ಣನ ಕಾಯಕದ ಜೊತೆ ಇಟ್ಟು ಅವಳು ಹತ್ತನೇ ತರಗತಿಯಲ್ಲಿ ಒಂದು ಪ್ರಬಂಧ ಬರೆದಳು. ಅವಳ ಟೀಚರ್ ಕಾಯಕದ ಬಗ್ಗೆ ಇನ್ನಷ್ಟು ಕೇಳಿ ತಿಳಿದುಕೊಂಡರು.

ಸಣ್ಣ ಕಿರಿಕಿರಿಗಳೂ ಇದ್ದವು. ಕ್ಯಾಂಪಿನಲ್ಲಿ ಸಸ್ಯಾಹಾರಿ ಅಂದರೆ ಮೂರು ದಿನವೂ ಚೀಸ್ ಸ್ಯಾಂಡ್‌ವಿಚ್. ದುಡ್ಡು ಕೂಡಿಸಲು ಏನು ಮಾಡಿದರೂ ಸಾಸೇಜ್ ಸಿಝಲ್, ಅಂದರೆ ಮಾಂಸದ ಸಾಸೇಜ್ ಸುಟ್ಟು ಮಾರುವುದು. ಇದು ಬೇರೆ ಶಾಲೆಯಲ್ಲೂ ತಪ್ಪಿದ್ದಲ್ಲ.

ಕ್ಯಾಥೊಲಿಕ್ ಮತ್ತು ಗ್ರಾಮರ್

ಕ್ಯಾಥೊಲಿಕ್ ಶಾಲೆ ಲೂಥರನ್‌ಗೆ ಹತ್ತಿರದ ಅಣ್ಣತಮ್ಮ. ಸಾಮಾನ್ಯವಾಗಿ ಮಕ್ಕಳು ಜಾಸ್ತಿ, ಫೀಸು ಕಡಿಮೆ, ಧರ್ಮದ ಪಾಠ ಇಲ್ಲೂ ಕಡ್ಡಾಯ. ಸೀಟಿನಲ್ಲಿ ಕ್ಯಾಥೊಲಿಕ್ ಮಕ್ಕಳಿಗೆ ಮೊದಲ ಆದ್ಯತೆ, ಆಮೇಲೆ ಉಳಿದವರು. ಸೀಟು ಸಿಕ್ಕರೆ, ಮೇಲಿನ ತರಗತಿಯಲ್ಲಿ ವಿಷಯಗಳ ಆಯ್ಕೆ ಚೆನ್ನಾಗಿದ್ದರೆ, ಲೂಥರನ್‌ಗಿಂತ ಇದು ಲಾಭ.

ಗ್ರಾಮರ್ ಶಾಲೆಯಲ್ಲಿ ಎಲ್ಲವೂ ಇದೆ, ಬೆಲೆಯೂ ಇದೆ. ಒಂದೇ ಮಗು, ಇಬ್ಬರ ಸಂಬಳ, ಸಾಲ ತೀರುತ್ತಾ ಬಂದಿದೆ ಅಂದರೆ ನೋಡಿ. ಇಲ್ಲದಿದ್ದರೆ ಐದನೇ ತರಗತಿಯಲ್ಲೇ ಸ್ಕಾಲರ್‌ಶಿಪ್ ಪರೀಕ್ಷೆ ಬರೆಸಿ, ಪೂರ್ತಿ ಸಿಕ್ಕರೆ ಮಾತ್ರ ಹೋಗಿ. ಅರ್ಧ ಸ್ಕಾಲರ್‌ಶಿಪ್ ಅಂದರೂ ಉಳಿದರ್ಧ ಲೂಥರನ್ ಶಾಲೆಯ ಪೂರ್ತಿ ಫೀಸಿನಷ್ಟಾಗಬಹುದು.

ಊಟದ ಸಾಲಿನ ಮೂವರಿಗೆ

ಮೊದಲನೆಯವರ ಮಗ ಮ್ಯಾತ್ಸ್ ಅಂದರೆ ಊಟ ಬಿಡುವವನು, ಮಾತಿನಲ್ಲೂ ಚುರುಕು. ಅವನು ಏಳು, ಎಂಟಕ್ಕೆ ಸರ್ಕಾರಿ ಶಾಲೆಗೆ ಹೋಗಲಿ, ಜೂನ್ ಪರೀಕ್ಷೆ ಬರೆಯಲಿ. ಸಿಗದಿದ್ದರೂ ಕಳೆದುಕೊಳ್ಳುವುದು ಏನೂ ಇಲ್ಲ. ಖಾಸಗಿ ಶಾಲೆಯಲ್ಲಿ ಎರಡು ವರ್ಷಕ್ಕೆ ಅಂತ ದುಡ್ಡು ಸುರಿದು ಆಮೇಲೆ ನೋಟಿಸ್ ಲೆಕ್ಕ ಹಾಕುವುದು ಯಾಕೆ?

ಎರಡನೆಯವರಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ನನ್ನ ಮಗಳ ಥರ, ಮೆತ್ತಗೆ. ಇಬ್ಬರ ಫೀಸು ಆರೇಳು ವರ್ಷ ತಡೆಯುತ್ತದೆ ಅನ್ನುವುದಾದರೆ ಲೂಥರನ್. ಪ್ರೆಪ್‌ನಿಂದಲೇ ಇರುವ ಶಾಲೆ ಆದ್ದರಿಂದ ಚಿಕ್ಕವಳನ್ನು ಈಗಲೇ ಸೇರಿಸಿದರೆ ಒಡಹುಟ್ಟಿದವಳು ಅಂತ ದೊಡ್ಡವಳ ಅರ್ಜಿಗೂ ಆದ್ಯತೆ ಸಿಗಬಹುದು.

ಮೂರನೆಯವರು ಇನ್ನೂ ಹೊಸಬರು, ಒಬ್ಬರಿಗೇ ಕೆಲಸ, ಬಾಡಿಗೆ ಮನೆ. ಅವರು ಶಾಲೆಯ ಬದಲು ಮನೆಯನ್ನು ಆರಿಸಬೇಕು. ಒಳ್ಳೆಯ ಸರ್ಕಾರಿ ಶಾಲೆಯ ವಲಯ ನೋಡಿ ಬಾಡಿಗೆ ಹಿಡಿಯುವುದೇ ಜಾಣತನ. ಸರ್ಕಾರಿ ಶಾಲೆಗೆ ಅರ್ಜಿ ಆರನೇ ತರಗತಿಯ ಮೇ ತಿಂಗಳಲ್ಲಿ, ಅವರಿಗಿನ್ನೂ ಸಮಯ ಇದೆ. ಖಾಸಗಿಗೆ ಹೋಗುವವರು ಮಾತ್ರ ಈಗಲೇ ಅರ್ಜಿ ಹಾಕಬೇಕು. ಅರ್ಜಿಯ ದುಡ್ಡು ವಾಪಸ್ಸು ಬರುವುದಿಲ್ಲ, ನೆನಪಿರಲಿ.

ಓಪನ್ ಡೇಗೆ ಹೋದಾಗ ಹೊಸ ಜಿಮ್ಮು, ರೋಬಾಟು ತೋರಿಸುತ್ತಾರೆ. ನೋಡಿ, ಖುಷಿಪಡಿ. ಆಮೇಲೆ ಪಕ್ಕಕ್ಕೆ ಕರೆದು ಇಷ್ಟು ಕೇಳಿ: ಈ ವರ್ಷ ಹನ್ನೆರಡರಲ್ಲಿ ಯಾವ ಯಾವ ವಿಷಯ ನಡೆಯುತ್ತಿದೆ, ಪ್ರತಿಯೊಂದರಲ್ಲಿ ಎಷ್ಟು ಮಕ್ಕಳು? ಕಳೆದ ಐದು ವರ್ಷ ಫೀಸು ಎಷ್ಟೆಷ್ಟು ಏರಿತು? ಲೂಥರನ್ ಶಾಲೆ ಆದರೆ, ಚಾಪೆಲ್‌ಗೆ ಒಂದು ದಿನ ನಾವೂ ಬಂದು ಕೂರಬಹುದಾ? ಕೊನೆಗೆ ಶಾಲೆ ತೋರಿಸುವ ವಿದ್ಯಾರ್ಥಿಯನ್ನು, ಟೀಚರ್ ಆಚೆ ಹೋದಾಗ, ಮಧ್ಯಾಹ್ನದ ಊಟ ಯಾರ ಜೊತೆ ಕೂತು ಮಾಡ್ತೀಯಾ ಅಂತ ಕೇಳಿ. ನನ್ನ ಮಗನಿಗೆ ಶಾಲೆ ನೋಡುವಾಗ ನಾನು ಮೊದಲು ಕೇಳಿದ್ದು ಅದನ್ನೇ.